ಪ್ಲ್ಯಾಟ್ ಹೊಳೆಯಲ್ಲಿ ಎರಡು ಗಂಟೆಯ ಕನೂ ಪಯಣ: ಊರಿಂದ ಬಂದ ಅಮ್ಮನನ್ನೂ ಕೂರಿಸಬಹುದು

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಿಶಿಗನ್‌ನಲ್ಲಿ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಪ್ಲ್ಯಾಟ್ ನದಿ. ನದಿ ಅಂತ ಮ್ಯಾಪಿನಲ್ಲಿದೆ. ಮಲೆನಾಡಿನವಳಾದ ನನಗೆ ಅದು ಹೊಳೆ. ಅಗಲ ಕಡಿಮೆ, ಆಳ ಇನ್ನೂ ಕಡಿಮೆ, ನೀರು ಮಾತ್ರ ತಳದ ಮರಳು ಎಣಿಸುವಷ್ಟು ತಿಳಿ. ಈಜು ಬಾರದವರು, ದೋಣಿ ಹತ್ತಿಯೇ ಗೊತ್ತಿಲ್ಲದವರು ಕೂಡ ಧೈರ್ಯವಾಗಿ ಹೋಗಿ ಬರಬಹುದು.

ಜಾಗ ಇರುವುದು ರಾಜ್ಯದ ವಾಯವ್ಯ ಮೂಲೆಯಲ್ಲಿ, ಸ್ಲೀಪಿಂಗ್ ಬೇರ್ ಡ್ಯೂನ್ಸ್ ನ್ಯಾಷನಲ್ ಲೇಕ್‌ಶೋರ್ ಎಂಬ, ಸರೋವರದ ದಡದ ಮರಳುಗುಡ್ಡಗಳ ರಾಷ್ಟ್ರೀಯ ಉದ್ಯಾನದ ಒಳಗೆ. ಡೆಟ್ರಾಯಿಟ್ ಹತ್ತಿರದ ನೋವೈ, ಕ್ಯಾಂಟನ್ ಕಡೆಯಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ ಹಿಡಿಯಿರಿ. ಎಂ-22 ರಸ್ತೆ ಹೊಳೆ ದಾಟುವ ಸೇತುವೆಯ ಹತ್ತಿರ ಕನೂ (ಉದ್ದನೆಯ ತೆರೆದ ದೋಣಿ), ಕಯಾಕ್ (ಕಾಲು ಚಾಚಿ ಕೂರುವ ಕಿರಿದಾದ ದೋಣಿ), ಗಾಳಿ ತುಂಬಿದ ಟ್ಯೂಬ್ ಬಾಡಿಗೆಗೆ ಸಿಗುತ್ತವೆ. ಲೈಫ್ ಜಾಕೆಟ್ ಮತ್ತು ಹುಟ್ಟು ಜೊತೆಗೇ ಕೊಡುತ್ತಾರೆ. ಹೊಳೆ ಮುಗಿಯುವ ಕಡೆ ವ್ಯಾನ್ ಬಂದು ವಾಪಸ್ ಕರೆತರುತ್ತದೆ. ಈ ವ್ಯಾನ್ ಇದೆಯಲ್ಲ, ವಯಸ್ಸಾದವರ ಜೊತೆ ಹೋಗುವವರಿಗೆ ಇದು ದೊಡ್ಡ ಉಪಕಾರ. ಎರಡು ಕಾರು ತಂದು ಒಂದನ್ನು ಕೆಳಗೆ ನಿಲ್ಲಿಸುವ ತಲೆನೋವಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪ್ಲ್ಯಾಟ್‌ನಲ್ಲಿ ಎರಡು ಭಾಗ ಇದೆ. ಮೇಲಿನದು ಆನರ್ ಊರಿನ ಕಡೆಯದು. ಅಲ್ಲಿ ನೀರಿನ ಸೆಳೆತ ಜಾಸ್ತಿ, ತಿರುವು ಜಾಸ್ತಿ, ಅಡ್ಡ ಬಿದ್ದ ಮರಗಳೂ ಇರುತ್ತವೆ. ಅದು ಕೈ ಪಳಗಿದವರಿಗೆ. ನಾನು ಬರೆಯುತ್ತಿರುವುದು ಪ್ಲ್ಯಾಟ್ ಲೇಕ್‌ನಿಂದ ಹೊರಬಿದ್ದು ಮಿಶಿಗನ್ ಸರೋವರ ಸೇರುವ ಕೆಳಗಿನ ಭಾಗದ ಬಗ್ಗೆ. ಬುಕ್ ಮಾಡುವಾಗ ‘ಲೋವರ್ ಪ್ಲ್ಯಾಟ್’ ಅಂತ ಸ್ಪಷ್ಟವಾಗಿ ಕೇಳಿ.

ನಾನು ಅಮ್ಮನನ್ನು ಕರ್ಕೊಂಡು ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ವಾರದ ನಡುವೆ. ಅಮ್ಮ ತೀರ್ಥಹಳ್ಳಿಯವರು, ಮಂಡಿ ನೋವು ಇದೆ. ಕಯಾಕ್‌ನಲ್ಲಿ ಕಾಲು ಚಾಚಿ ಕೂತರೆ ಆಮೇಲೆ ಏಳುವುದು ಕಷ್ಟ. ಅದಕ್ಕೇ ಕನೂ ತಗೊಂಡೆವು. ಬೆಂಚಿನಂಥ ಸೀಟು, ಕಾಲು ಇಳಿಬಿಟ್ಟು ಕೂರಬಹುದು. ಹತ್ತುವಾಗ ಮಾತ್ರ ಎಚ್ಚರ ಬೇಕು. ದೋಣಿಯನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಲಿ. ಹತ್ತುವವರು ಸೊಂಟ ಬಗ್ಗಿಸಿ, ಎರಡೂ ಅಂಚು ಹಿಡಿದು, ಕಾಲನ್ನು ದೋಣಿಯ ಮಧ್ಯಕ್ಕೇ ಇಡಬೇಕು. ಅಂಚಿನ ಕಡೆ ಕಾಲಿಟ್ಟರೆ ದೋಣಿ ವಾಲುತ್ತದೆ. ಸೀರೆ ಬೇಡ, ಚೂಡಿದಾರ ಆಗಬಹುದು. ಹವಾಯಿ ಚಪ್ಪಲಿ ಮರಳಿನಲ್ಲಿ ಹೂತು ಕಳಚಿಕೊಂಡು ತೇಲಿ ಹೋಗುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ.

ಅನುಭವ ಇರುವವರು ಹಿಂದೆ ಕೂರಬೇಕು, ದಿಕ್ಕು ಅವರ ಕೈಯಲ್ಲಿರುತ್ತದೆ. ಮುಂದೆ ಕೂತವರು ಸುಮ್ನೆ ಹುಟ್ಟು ಹಾಕುತ್ತಿದ್ದರೆ ಸಾಕು, ಬೇಸರವಾದರೆ ನಿಲ್ಲಿಸಲೂಬಹುದು. ಹೊಳೆಯೇ ಕರ್ಕೊಂಡು ಹೋಗುತ್ತದೆ. ಹೆಚ್ಚಿನ ಕಡೆ ನೀರು ಮೊಣಕಾಲು, ಕೆಲವು ಕಡೆ ಸೊಂಟ. ದೋಣಿ ಮರಳಿಗೆ ತಾಗಿ ನಿಂತರೆ ಇಳಿದು ತಳ್ಳಿದರಾಯಿತು.

ಹೊರಟು ಸ್ವಲ್ಪ ಹೊತ್ತಿಗೇ ಅಮ್ಮ ಮಾತು ನಿಲ್ಲಿಸಿ ನೀರನ್ನೇ ನೋಡತೊಡಗಿದರು. ಆಮೇಲೆ ಹೇಳಿದರು, “ಮಳೆಗಾಲ ಮುಗಿದ್ಮೇಲೆ ನಮ್ಮ ತುಂಗೆನೂ ಹಿಂಗೇ ಇರ್ತಿತ್ತು ಕಣೆ. ಬಟ್ಟೆ ಒಗೆಯೋಕೆ ಹೋದ್ರೆ ಕಾಲ್ಬೆರಳು ಕಾಣ್ತಿತ್ತು.”

ಎರಡೂ ದಡದಲ್ಲಿ ಸೀಡರ್ ಮರಗಳು ನೀರಿನ ಮೇಲಕ್ಕೆ ಬಾಗಿವೆ. ಬಿದ್ದ ದಿಮ್ಮಿಗಳ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತವೆ. ನೀಲಿ ಬೂದು ಬಣ್ಣದ ದೊಡ್ಡ ಹೆರಾನ್ ಕೊಕ್ಕರೆ ದೋಣಿ ಹತ್ತಿರ ಬರುವವರೆಗೂ ಕದಲುವುದಿಲ್ಲ. ಮಿಂಚುಳ್ಳಿಯನ್ನು ಅಮ್ಮನೇ ಮೊದಲು ಗುರುತಿಸಿದ್ದು. ಮಧ್ಯದಲ್ಲಿ ಹೊಳೆ ಲೂನ್ ಲೇಕ್ ಎಂಬ ಚಿಕ್ಕ ಕೆರೆಯೊಳಗೆ ಹೋಗಿ ಹೊರಬರುತ್ತದೆ. ಅಲ್ಲಿ ಸೆಳೆತ ಇರುವುದಿಲ್ಲ. ಎದುರು ಗಾಳಿ ಇದ್ದರೆ ತೋಳಿಗೆ ಕೆಲಸ ಸಿಗುತ್ತದೆ. ದಡದಲ್ಲಿ ಪಿಕ್ನಿಕ್ ಜಾಗ, ಶೌಚಾಲಯ ಎರಡೂ ಇವೆ. ಹಿರಿಯರಿದ್ದರೆ ಅಲ್ಲಿ ನಿಲ್ಲಿಸಿಯೇ ಮುಂದೆ ಹೋಗಿ. ನಾವು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು ಅಲ್ಲೇ. ಸುತ್ತಮುತ್ತ ನಮ್ಮ ಊಟ ಸಿಗುವ ಹೋಟೆಲ್ ನಾನು ನೋಡಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಿ.

ಈಗ ನೀರಿನ ವಿಷಯ. ಇಷ್ಟು ತಿಳಿಯಾಗಿರುವುದು ತಾನಾಗಿ ಉಳಿದಿದ್ದಲ್ಲ. ಆನರ್ ಹತ್ತಿರ ಇದೇ ಹೊಳೆಯ ಮೇಲೆ ಸರ್ಕಾರದ ಮೀನುಮರಿ ಕೇಂದ್ರ ಇದೆ. ಅದರಿಂದ ಬರುವ ನೀರಿನಲ್ಲಿ ರಂಜಕ ಜಾಸ್ತಿಯಾಗಿ ಕೆಳಗಿನ ಪ್ಲ್ಯಾಟ್ ಲೇಕ್ ಪಾಚಿಗಟ್ಟಿ ಮಂಕಾಗುತ್ತಿತ್ತು. ಕೆರೆಯ ಸುತ್ತ ವಾಸವಿದ್ದ ಜನ 1986ರಲ್ಲಿ ರಾಜ್ಯದ ಇಲಾಖೆಯ ಮೇಲೆ ಕೇಸು ಹಾಕಿದರು. ಅದು ಇತ್ಯರ್ಥವಾಗಿದ್ದು 2000ದಲ್ಲಿ. ಮೀನುಮರಿ ಕೇಂದ್ರ ವರ್ಷಕ್ಕೆ 175 ಪೌಂಡ್, ಅಂದರೆ ಸುಮಾರು 80 ಕೆಜಿಗಿಂತ ಹೆಚ್ಚು ರಂಜಕ ಹೊರಬಿಡಬಾರದು ಅಂತ ಒಪ್ಪಂದವಾಯಿತು. ನಾವು ದೋಣಿ ಬಿಡುವ ಭಾಗ ಆ ಕೆರೆಯಿಂದಲೇ ಹರಿದು ಬರುತ್ತದೆ. ಕೆರೆ ಕೆಟ್ಟರೆ ಹೊಳೆಯೂ ಕೆಟ್ಟಂತೆ ಅಲ್ವಾ? ಅಷ್ಟು ವರ್ಷ ಬಿಡದೆ ಹೋರಾಡಿದವರ ಬಗ್ಗೆ ನನಗೆ ತುಂಬಾ ಗೌರವ. ತುಂಗೆಯ ದಡದಲ್ಲಿ ಬೆಳೆದವಳಾಗಿ ಈ ಕಥೆ ಕೇಳಿದಾಗ ಹೊಟ್ಟೆಕಿಚ್ಚೂ ಆಯಿತು, ಆಸೆಯೂ ಹುಟ್ಟಿತು.

ಹಾಗಂತ ಮೀನುಮರಿ ಕೇಂದ್ರವನ್ನು ದೂರಲು ಮನಸ್ಸಿಲ್ಲ. ಸೆಪ್ಟೆಂಬರ್‌ನಲ್ಲಿ ಹೋದರೆ ಯಾಕೆ ಅಂತ ಗೊತ್ತಾಗುತ್ತದೆ. ದೋಣಿಯ ಅಡಿಯಲ್ಲೇ ತೋಳಿನಷ್ಟುದ್ದದ ಕೋಹೋ ಸಾಲ್ಮನ್‌ಗಳು ನೀರಿನ ಎದುರು ಈಜಿ ಬರುತ್ತಿರುತ್ತವೆ. ಇವು ಇಲ್ಲಿಯ ಮೂಲದವಲ್ಲ, ಪೆಸಿಫಿಕ್ ಕಡಲಿನವು. ಒರೆಗಾನ್‌ನಿಂದ ಮೊಟ್ಟೆ ತರಿಸಿ ಮರಿ ಮಾಡಿ 1966ರ ವಸಂತದಲ್ಲಿ ಈ ಹೊಳೆಗೆ ಬಿಟ್ಟರು. ಆಗ ಮಿಶಿಗನ್ ಸರೋವರದಲ್ಲಿ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿ ಮೀರಿ ಹೆಚ್ಚಿತ್ತು. ಅದನ್ನು ತಿಂದು ಹದ್ದುಬಸ್ತಿಗೆ ತರಲಿ ಅಂತ ಹೊವರ್ಡ್ ಟ್ಯಾನರ್ ಎಂಬ ಅಧಿಕಾರಿ ಮಾಡಿದ ಪ್ರಯೋಗ ಇದು. ಮರಿಗಳು ಸರೋವರಕ್ಕೆ ಇಳಿದು, ಬೆಳೆದು, ಮೊಟ್ಟೆ ಇಡುವ ಕಾಲಕ್ಕೆ ಇದೇ ಹೊಳೆಗೆ ವಾಪಸ್ ಬರುತ್ತವೆ.

ಅಮ್ಮನಿಗೆ ಶೃಂಗೇರಿ ನೆನಪಾಯಿತು. “ಮಂಡಕ್ಕಿ ಹಾಕಬಹುದೇನೇ?” ಅಂತ ಕೇಳಿದರು. ಹಾಕಬಾರದು. ಇದು ನ್ಯಾಷನಲ್ ಪಾರ್ಕ್ ಇಲಾಖೆಯ ಜಾಗ, ಪ್ರಾಣಿ ಪಕ್ಷಿಗಳಿಗೆ ಏನನ್ನೂ ತಿನ್ನಿಸುವಂತಿಲ್ಲ. ಸಾಲ್ಮನ್ ಬರುವ ಕಾಲದಲ್ಲಿ ಕೆಳಗಡೆ ಮೀನು ತಡೆಯಲು ಹೊಳೆಗೆ ಅಡ್ಡಲಾಗಿ ಕಟಕಟೆ ಹಾಕಿರುತ್ತಾರೆ. ಅಲ್ಲಿ ಇಳಿದು ಕನೂವನ್ನು ದಡದ ಮೇಲೆ ಸಾಗಿಸಿ ಆಚೆ ಇಳಿಸಬೇಕಾಗಬಹುದು. ಗಟ್ಟಿಮುಟ್ಟಾದವರು ಇಬ್ಬರಾದರೂ ಜೊತೆಗಿರಲಿ.

ಜುಲೈನಲ್ಲಿ ಮಕ್ಕಳ ಜೊತೆ ಹೋದಾಗಿನ ಅನುಭವ ಬೇರೆ. ನೀರು ಬೆಚ್ಚಗಿತ್ತು, ಮಕ್ಕಳು ದೋಣಿಯಲ್ಲಿದ್ದಿದ್ದಕ್ಕಿಂತ ಹೊಳೆಯಲ್ಲಿದ್ದಿದ್ದೇ ಹೆಚ್ಚು. ಆದರೆ ಅದು ಶನಿವಾರ ಮಧ್ಯಾಹ್ನ. ಟ್ಯೂಬ್‌ಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಹೊಳೆಯ ಅಗಲಕ್ಕೂ ಹರಡಿಕೊಂಡ ಗುಂಪುಗಳು, ಪ್ರತಿ ಗುಂಪಿಗೂ ಒಂದು ಸ್ಪೀಕರ್. ಆಮೆಯೂ ಇಲ್ಲ, ಕೊಕ್ಕರೆಯೂ ಇಲ್ಲ. ನಾಲ್ಕೂವರೆ ಗಂಟೆ ಕಾರು ಓಡಿಸಿ ಬಂದಿದ್ದು ಇದಕ್ಕಾ ಅನ್ನಿಸಿ ನಿಜಕ್ಕೂ ಸಿಟ್ಟು ಬಂತು. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆಯ ಮೊದಲ ಸರದಿ ತಗೊಳ್ಳಿ. ಮಿಶಿಗನ್ ಕಾನೂನಿನ ಪ್ರಕಾರ 6 ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ನಾನು ದೊಡ್ಡವರಿಗೂ ಹಾಕಿಸುತ್ತೇನೆ, ನೀರು ಮೊಣಕಾಲಿದ್ದರೂ ಸರಿ.

ಕೊನೆಯಲ್ಲಿ ಹೊಳೆ ಮರಳದಿಬ್ಬದ ಪಕ್ಕ ಒಂದು ತಿರುವು ತೆಗೆದುಕೊಂಡು ಮಿಶಿಗನ್ ಸರೋವರಕ್ಕೆ ಸೇರುತ್ತದೆ. ಪ್ಲ್ಯಾಟ್ ರಿವರ್ ಪಾಯಿಂಟ್ ಅಂತಾರೆ. ಎದುರಿಗೆ ಆಚೆ ದಡವೇ ಕಾಣದ ನೀಲಿ ನೀರು, ಉತ್ತರಕ್ಕೆ ಎಂಪೈರ್ ಬ್ಲಫ್ ಎಂಬ ಕಡಿದಾದ ಗುಡ್ಡ. ಮರಳಿನಲ್ಲಿ ಹಗ್ಗ ಕಟ್ಟಿ ಬೋರ್ಡ್ ಹಾಕಿದ್ದರೆ ಒಳಗೆ ಹೋಗಬೇಡಿ, ಪೈಪಿಂಗ್ ಪ್ಲವರ್ ಎಂಬ ಅಪರೂಪದ ಪುಟ್ಟ ಹಕ್ಕಿ ಅಲ್ಲಿ ಗೂಡು ಮಾಡುತ್ತದೆ. ದೋಣಿಯನ್ನು ಇಲ್ಲೇ ಬಿಡಬೇಕು, ಸರೋವರಕ್ಕೆ ಇಳಿಸಬಾರದು. ಹೊಳೆಯ ಸೌಮ್ಯ ನೋಡಿ ಸರೋವರವೂ ಹಾಗೇ ಅಂದುಕೊಳ್ಳುವವರಿದ್ದಾರೆ. 1967ರ ಸೆಪ್ಟೆಂಬರ್‌ನಲ್ಲಿ ಇದೇ ಕರಾವಳಿಯಲ್ಲಿ ಸಾಲ್ಮನ್ ಹಿಡಿಯಲು ಸಣ್ಣ ದೋಣಿಗಳಲ್ಲಿ ಹೋದವರು ದಿಢೀರ್ ಬಿರುಗಾಳಿಗೆ ಸಿಕ್ಕಿ 7 ಮಂದಿ ಸತ್ತರು.

ಆಸಬಲ್ ನದಿಗೆ ಹೆಸರು ಜಾಸ್ತಿ, ಅಲ್ಲಿ ದೊಡ್ಡ ಕನೂ ಸ್ಪರ್ಧೆ ನಡೆಯುತ್ತದೆ. ಇಡೀ ದಿನ ಹುಟ್ಟು ಹಾಕುವ ಆಸೆ ಇದ್ದರೆ ಅಲ್ಲಿಗೆ ಹೋಗಿ. ಪ್ಲ್ಯಾಟ್‌ನ ಕೆಳಭಾಗ ಎರಡು ಗಂಟೆಗೆಲ್ಲ ಮುಗಿದುಬಿಡುತ್ತದೆ. ಹುಮ್ಮಸ್ಸಿನ ಹುಡುಗರಿಗೆ ಸಾಲದು ಅನ್ನಿಸಬಹುದು. ಅರವತ್ತೈದು ದಾಟಿದವರಿಗೆ, ಐದಾರು ವರ್ಷದ ಮಕ್ಕಳಿಗೆ ಇದಕ್ಕಿಂತ ಹದವಾದ ಹೊಳೆ ನಾನು ಈ ರಾಜ್ಯದಲ್ಲಿ ನೋಡಿಲ್ಲ. ಸೆಪ್ಟೆಂಬರ್ ವಾರದ ದಿನಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು, ಜುಲೈ ಶನಿವಾರಕ್ಕೆ ಎರಡೂವರೆ.

ಮಧ್ಯಾಹ್ನ ಮೇಲೆ ಮರಳುಗುಡ್ಡ ನೋಡುವ ಯೋಚನೆ ಇದ್ದರೆ ಪಾರ್ಕ್ ಪಾಸ್ ಬೇಕು. ಒಂದು ಕಾರಿಗೆ 25 ಡಾಲರ್, 7 ದಿನ ನಡೆಯುತ್ತದೆ. ಮಂಡಿ ನೋವಿನವರನ್ನು ಗುಡ್ಡ ಹತ್ತಿಸಬೇಡಿ. ಪಿಯರ್ಸ್ ಸ್ಟಾಕಿಂಗ್ ಡ್ರೈವ್‌ನಲ್ಲಿ ಕಾರಿನಲ್ಲೇ ಮೇಲೆ ಹೋಗಿ ಸರೋವರ ನೋಡಬಹುದು. ಅಮ್ಮನಿಗೆ ಮುಂದಿನ ಸಲ ದೊಡ್ಡಮ್ಮನನ್ನೂ ಕರ್ಕೊಂಡು ಬರಬೇಕಂತೆ. ವೀಸಾ ಸಿಕ್ಕಿದರೆ ಸೆಪ್ಟೆಂಬರ್‌ಗೇ ಟಿಕೆಟ್ ಮಾಡಿಸುತ್ತೇನೆ.