ಮಾಯವಾದ ಆ್ಯಪ್ ವಾಪಸ್ ತರುವ ದಾರಿಗಳು: ಅಮ್ಮನ ಫೋನಿನಲ್ಲಿ ಮಾಡಿ ನೋಡಿದ ಹೋಲಿಕೆ

ಹಾಸನದಿಂದ ಅಮ್ಮನ ವಾಯ್ಸ್ ಮೆಸೇಜ್ ಬಂತು. "ಐದೂವರೆಗೆ ಅಲಾರಾಂ ಹೊಡೀಲೇ ಇಲ್ಲ ಕಣೋ. ಗಡಿಯಾರದ ಗುರುತೇ ಕಾಣ್ತಿಲ್ಲ. ರೇಡಿಯೊನೂ ಇಲ್ಲ." ಅಮ್ಮ ಯಾವಾಗಲೂ ಕನ್ನಡದಲ್ಲಿ ಟೈಪ್ ಮಾಡಿಯೇ ಕಳಿಸುವವಳು. ಮಾತಿನಲ್ಲಿ ಯಾಕೆ ಕಳಿಸಿದಳು ಎಂದು ಆಮೇಲೆ ಗೊತ್ತಾಯಿತು. ಕನ್ನಡ ಕೀಬೋರ್ಡ್ ಕೂಡ ಹೋಗಿತ್ತು.

ಅಣ್ಣನ ಮಗ ರಜೆಗೆ ಬಂದಿದ್ದ. ಅಜ್ಜಿಯ ಫೋನ್ ನಿಧಾನ ಆಗಿದೆ ಎಂದು ಬೇಡದ ಆ್ಯಪ್‌ಗಳನ್ನು ತೆಗೆಯಲು ಕೂತಿದ್ದಾನೆ. ಕೆಲವನ್ನು ಸೆಟ್ಟಿಂಗ್ಸ್‌ನಲ್ಲೇ ಡಿಸೇಬಲ್ ಮಾಡಿದ. ಇನ್ನು ಕೆಲವನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ತೆಗೆದ. ಅವನು ಒಳ್ಳೆಯದಕ್ಕೇ ಮಾಡಿದ್ದು. ಆದರೆ ಯಾವುದು ಅಜ್ಜಿಗೆ ಬೇಕು, ಯಾವುದು ಬೇಡ ಎಂದು ಕೇಳಿರಲಿಲ್ಲ. ಗಡಿಯಾರ, ಕೀಬೋರ್ಡ್, ಕ್ಯಾಲ್ಕುಲೇಟರ್, ಎಫ್‌ಎಂ ರೇಡಿಯೊ, ನಾಲ್ಕೂ ಹೋದವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವುದಕ್ಕೆ ಅಲಾರಾಂ, ಸಂಘದ ಲೆಕ್ಕಕ್ಕೆ ಕ್ಯಾಲ್ಕುಲೇಟರ್, ಅಡುಗೆ ಮನೆಯಲ್ಲಿ ಹಾಸನ ಆಕಾಶವಾಣಿ. ಅಮ್ಮನ ದಿನ ನಡೆಯುವುದೇ ಇವುಗಳ ಮೇಲೆ.

ಪಕ್ಕದ ಬೀದಿಯ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ, "ಸಾಫ್ಟ್‌ವೇರ್ ಹೊಡೀಬೇಕು, ಒಳಗಿರೋದೆಲ್ಲ ಹೋಗುತ್ತೆ, 500 ರೂಪಾಯಿ" ಎಂದರಂತೆ. ಬೇಡ, ನಾನೇ ಬರ್ತೀನಿ ಎಂದೆ. ಹೋಗುವ ಮುಂಚೆ ನನ್ನ ಹಳೆಯ ಫೋನಿನಲ್ಲಿ ಬೇಕೆಂದೇ ಇದೇ ಆ್ಯಪ್‌ಗಳನ್ನು ತೆಗೆದು, ವಾಪಸ್ ತರುವ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ನನ್ನದು ಆಂಡ್ರಾಯ್ಡ್ 12. ಅಮ್ಮನದು ಆಂಡ್ರಾಯ್ಡ್ 9.

ದಾರಿಗಳಿಗಿಂತ ಮೊದಲು ಒಂದು ಮಾತು ಹೇಳಲೇಬೇಕು. ಫೋನಿನ ಜೊತೆ ಬಂದ ಆ್ಯಪ್ ಕಾಣುತ್ತಿಲ್ಲ ಎಂದರೆ ಅದು ಅಳಿಸಿಹೋಗಿದೆ ಎಂದೇನೂ ಅಲ್ಲ. ಅದರ ಮೂಲ ಪ್ರತಿ ಫೋನಿನ ಸಿಸ್ಟಂ ಭಾಗದಲ್ಲಿ ಇರುತ್ತದೆ. ಆ ಭಾಗಕ್ಕೆ ನಾವು ಸಾಮಾನ್ಯವಾಗಿ ಕೈ ಹಾಕುವುದಕ್ಕೇ ಆಗುವುದಿಲ್ಲ. ಹಾಗಾಗಿ ಕಾಣದ ಆ್ಯಪ್ ಮೂರರಲ್ಲಿ ಒಂದು ಸ್ಥಿತಿಯಲ್ಲಿ ಇರುತ್ತದೆ. ಪರದೆಯಲ್ಲಿ ಬಚ್ಚಿಟ್ಟಿರುತ್ತಾರೆ, ಇಲ್ಲವೇ ಡಿಸೇಬಲ್ ಮಾಡಿರುತ್ತಾರೆ, ಇಲ್ಲವೇ ಈ ಬಳಕೆದಾರರಿಗೆ ಮಾತ್ರ ತೆಗೆದಿರುತ್ತಾರೆ. ಇದನ್ನು ಮೊದಲು ಕಂಡುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅಂಗಡಿಯವರು ಇದನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ನನಗೆ ಬೇಜಾರಾಗಿದ್ದು ಅದೇ.

ಬಚ್ಚಿಟ್ಟದ್ದನ್ನು ಹುಡುಕುವುದು ಸುಲಭ. ಸ್ಯಾಮ್‌ಸಂಗ್ ಫೋನುಗಳಲ್ಲಿ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್ ಒಳಗೆ ಆ್ಯಪ್ ಬಚ್ಚಿಡುವ ಆಯ್ಕೆ ಇದೆ. ಬೇರೆ ಕೆಲವು ಕಂಪನಿಗಳೂ ಇಂಥದ್ದನ್ನು ಕೊಡುತ್ತವೆ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹೆಸರು ಇದ್ದು, ಒಳಗೆ ಹೋದರೆ ಡಿಸೇಬಲ್ ಎನ್ನುವ ಬಟನ್ ಕಂಡರೆ, ಆ ಆ್ಯಪ್ ಚಾಲೂ ಇದೆ ಎಂದರ್ಥ. ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್ ನೋಡಿದರೆ ಸಾಕು.

ಈಗ ಡಿಸೇಬಲ್ ಆದವುಗಳ ವಿಷಯ. ಇಲ್ಲಿ ಎರಡು ದಾರಿ ಇವೆ. ಎರಡಕ್ಕೂ ಕಂಪ್ಯೂಟರ್ ಬೇಡ.

ಒಂದು, ಆ್ಯಪ್ ಪಟ್ಟಿಯನ್ನು ತೆರೆದು, ಮೇಲಿನ ಫಿಲ್ಟರ್‌ನಲ್ಲಿ ಡಿಸೇಬಲ್ ಆದವುಗಳನ್ನು ಮಾತ್ರ ಆರಿಸಿ, ಒಂದೊಂದನ್ನೇ ಎನೇಬಲ್ ಮಾಡುವುದು. ಫೋನ್ ಕನ್ನಡದಲ್ಲಿದ್ದರೆ ಬಟನ್ ಮೇಲೆ "ಸಕ್ರಿಯಗೊಳಿಸಿ" ಎಂದಿರುತ್ತದೆ. ಇನ್ನೊಂದು, ಅದೇ ಪಟ್ಟಿಯ ಮೂಲೆಯ ಮೂರು ಚುಕ್ಕಿ ಒತ್ತಿ "ರೀಸೆಟ್ ಆ್ಯಪ್ ಪ್ರಿಫರೆನ್ಸಸ್" ಕೊಡುವುದು. ಡಿಸೇಬಲ್ ಆದದ್ದೆಲ್ಲ ಒಂದೇ ಸಲ ಎದ್ದು ಬರುತ್ತದೆ.

ಎರಡನೆಯದೇ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತು. ಹಳೆಯ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಯಿತು. ಆ್ಯಪ್‌ಗಳ ಒಳಗಿನ ಡೇಟಾ ಯಾವುದೂ ಹೋಗಲಿಲ್ಲ, ಅದು ಹೋಗುವುದೂ ಇಲ್ಲ. ಆದರೆ ಅದರ ಜೊತೆಗೆ ಇನ್ನೂ ನಾಲ್ಕು ವಿಷಯ ಮೊದಲಿನ ಸ್ಥಿತಿಗೆ ಹೋಗುತ್ತವೆ. ನಾವು ಬಂದ್ ಮಾಡಿದ್ದ ನೋಟಿಫಿಕೇಶನ್‌ಗಳು, ಯಾವ ಕೆಲಸಕ್ಕೆ ಯಾವ ಆ್ಯಪ್ ಎಂದು ಆರಿಸಿದ್ದು, ಹಿನ್ನೆಲೆಯಲ್ಲಿ ನೆಟ್ ಬಳಸಬೇಡ ಎಂದು ಹಾಕಿದ್ದ ತಡೆ, ಪರ್ಮಿಷನ್‌ಗಳ ಮೇಲಿನ ನಿರ್ಬಂಧ. ನಾನು ವರ್ಷಗಳಿಂದ ಬಾಯಿ ಮುಚ್ಚಿಸಿದ್ದ ಶಾಪಿಂಗ್ ಆ್ಯಪ್‌ಗಳು ಅವತ್ತು ಸಂಜೆಯೇ ಟಣ್ ಟಣ್ ಎನ್ನಲು ಶುರು ಮಾಡಿದವು. ಬೇಕೆಂದೇ ಡಿಸೇಬಲ್ ಮಾಡಿಟ್ಟಿದ್ದ ಕಸವೂ ಎದ್ದು ಕೂತಿತು. ಒಂದನ್ನು ಹುಡುಕಲು ಹೋಗಿ ಹತ್ತನ್ನು ಮತ್ತೆ ಸರಿ ಮಾಡುತ್ತಾ ಕೂತೆ.

ಅದಕ್ಕೇ ಅಮ್ಮನ ಫೋನಿನಲ್ಲಿ ಒಂದೊಂದಾಗಿಯೇ ಎನೇಬಲ್ ಮಾಡಿದೆ. ಗಡಿಯಾರ ಮತ್ತು ಜಿಬೋರ್ಡ್ (ಗೂಗಲ್‌ನ ಕೀಬೋರ್ಡ್) ಹೀಗೆ ಬಂದವು, ಎರಡು ನಿಮಿಷದ ಕೆಲಸ. ಜಿಬೋರ್ಡ್ ಎನೇಬಲ್ ಮಾಡಿದ ಮೇಲೆ ಕನ್ನಡ ತಾನಾಗಿಯೇ ಬರಲಿಲ್ಲ. ಭಾಷೆಗಳ ಸೆಟ್ಟಿಂಗ್‌ನಲ್ಲಿ ಕೀಬೋರ್ಡನ್ನು ಆನ್ ಮಾಡಿ, ಅದರೊಳಗೆ ಕನ್ನಡವನ್ನು ಮತ್ತೆ ಸೇರಿಸಬೇಕಾಯಿತು. ಯಾವ ಆ್ಯಪ್ ಹೋಗಿದೆ ಎಂದೇ ತಿಳಿಯದೆ ಫೋನ್ ವಿಚಿತ್ರವಾಗಿ ಆಡುತ್ತಿದ್ದರೆ ಮಾತ್ರ ರೀಸೆಟ್ ದಾರಿ ಹಿಡಿಯಿರಿ.

ಈ ಪಟ್ಟಿಯಲ್ಲಿ ಒಂದು ಹೆಸರು ನೋಡಿ ನಾನೇ ಬೆಚ್ಚಿದ್ದೆ. ಅಮ್ಮನ ಫೋನಿನಲ್ಲಿ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಡಿಸೇಬಲ್ ಆಗಿತ್ತು. ಬೇರೆ ಆ್ಯಪ್‌ಗಳು ತಮ್ಮೊಳಗೇ ವೆಬ್ ಪುಟ ತೋರಿಸಲು ಬಳಸುವ ಭಾಗ ಇದು. ಇದು ಕೆಟ್ಟರೆ ಏನಾಗುತ್ತದೆ ಎಂದು 2021ರ ಮಾರ್ಚ್‌ನಲ್ಲಿ ಎಲ್ಲರೂ ನೋಡಿದ್ದೇವೆ. ಇದರ ಒಂದು ಅಪ್‌ಡೇಟ್ ಎಡವಟ್ಟಾಗಿ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದವು. ಇದನ್ನೂ ಹುಡುಗನೇ ತೆಗೆದಿರಬೇಕು ಅಂದುಕೊಂಡೆ. ಆದರೆ ಅವನ ತಪ್ಪಲ್ಲ. ಆಂಡ್ರಾಯ್ಡ್ 7ರಿಂದ 9ರವರೆಗೆ ಈ ಕೆಲಸವನ್ನು ಕ್ರೋಮ್ ಬ್ರೌಸರೇ ಮಾಡುತ್ತದೆ. ಕ್ರೋಮ್ ಚಾಲೂ ಇರುವಾಗ ವೆಬ್‌ವ್ಯೂ ಡಿಸೇಬಲ್ ಎಂದು ಕಾಣುವುದು ಸರಿಯೇ. ಆಂಡ್ರಾಯ್ಡ್ 10ರಿಂದ ವೆಬ್‌ವ್ಯೂ ಮತ್ತೆ ತನ್ನ ಕೆಲಸ ತಾನೇ ನೋಡಿಕೊಳ್ಳುತ್ತದೆ. ಹಾಗಾಗಿ ಹೊಸ ಫೋನಿನಲ್ಲಿ ಇದು ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ, ಹಳೆಯದರಲ್ಲಿ ಸುಮ್ನೆ ಬಿಡಿ.

ಕ್ಯಾಲ್ಕುಲೇಟರ್ ಮತ್ತು ರೇಡಿಯೊ ಆ್ಯಪ್ ಪಟ್ಟಿಯಲ್ಲೇ ಇರಲಿಲ್ಲ. ಅವು ಲ್ಯಾಪ್‌ಟಾಪ್ ಹಚ್ಚಿ ತೆಗೆದವು. ಇವಕ್ಕೆ ಪ್ಲೇ ಸ್ಟೋರ್ ಒಂದು ದಾರಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನ ಇನ್ನೊಂದು ದಾರಿ.

ಪ್ಲೇ ಸ್ಟೋರ್ ಯಾರಿಗಾದರೂ ಬರುತ್ತದೆ. ಗೂಗಲ್‌ನ ಗಡಿಯಾರ, ಕ್ಯಾಲ್ಕುಲೇಟರ್, ಕಾಂಟ್ಯಾಕ್ಟ್ಸ್, ಮೆಸೇಜಸ್, ಜಿಬೋರ್ಡ್ ಎಲ್ಲವೂ ಅಲ್ಲಿವೆ. ಡಿಸೇಬಲ್ ಆದ ಆ್ಯಪನ್ನು ಅಲ್ಲಿ ಹುಡುಕಿದರೆ ಇನ್‌ಸ್ಟಾಲ್ ಬದಲು ಎನೇಬಲ್ ಬಟನ್ನೇ ಕಾಣುತ್ತದೆ. ನನ್ನ ಹಳೆಯ ಫೋನಿನಲ್ಲಿ ಕ್ಯಾಲ್ಕುಲೇಟರ್ ಹೀಗೇ ಒಂದು ನಿಮಿಷದಲ್ಲಿ ವಾಪಸ್ ಬಂತು. ಹುಡುಕುವಾಗ ಮಾತ್ರ ಎಚ್ಚರ ಬೇಕು. ಕ್ಯಾಲ್ಕುಲೇಟರ್ ಎಂದು ಟೈಪ್ ಮಾಡಿದರೆ ಅದೇ ಥರದ ಚಿತ್ರ ಇಟ್ಟುಕೊಂಡ ಹತ್ತಾರು ಆ್ಯಪ್‌ಗಳು ಬರುತ್ತವೆ, ಕೆಲವು ಜಾಹೀರಾತಿನಿಂದಲೇ ತುಂಬಿರುತ್ತವೆ. ಹೆಸರಿನ ಕೆಳಗೆ ಗೂಗಲ್ ಎಲ್‌ಎಲ್‌ಸಿ ಎಂದಿದೆಯೇ ನೋಡಿ ಇನ್‌ಸ್ಟಾಲ್ ಮಾಡಿ.

ರೇಡಿಯೊ ವಿಷಯದಲ್ಲಿ ಪ್ಲೇ ಸ್ಟೋರ್ ಸೋತಿತು. ಅಲ್ಲಿ ನಾನು ಹಾಕಿ ನೋಡಿದ ಎಫ್‌ಎಂ ಆ್ಯಪ್‌ಗಳೆಲ್ಲ ಇಂಟರ್ನೆಟ್ ಮೇಲೆ ನಡೆಯುವವು. ಅಮ್ಮನಿಗೆ ಬೇಕಾದದ್ದು ಫೋನಿನ ಒಳಗಿನ ಎಫ್‌ಎಂ ಚಿಪ್ ಬಳಸುವ ಆ್ಯಪ್. ಇಯರ್‌ಫೋನ್ ವೈರನ್ನೇ ಆಂಟೆನಾ ಮಾಡಿಕೊಂಡು, ಡೇಟಾ ಖರ್ಚಿಲ್ಲದೆ ಹಾಡುವಂಥದ್ದು. ಅದು ಆ ಫೋನಿಗೆಂದೇ ಮಾಡಿದ್ದು. ಕಂಪನಿಯ ಸ್ವಂತ ಕ್ಯಾಮೆರಾ, ಗ್ಯಾಲರಿ ಹೋದರೂ ಇದೇ ತೊಂದರೆ ಬರಬಹುದು. ಸ್ಯಾಮ್‌ಸಂಗ್‌ನವರಿಗೆ ಗ್ಯಾಲಕ್ಸಿ ಸ್ಟೋರ್ ಎಂದು ಬೇರೆ ಅಂಗಡಿಯಿದೆ, ಅಲ್ಲಿಯೂ ಒಮ್ಮೆ ನೋಡಬಹುದು. ಎಲ್ಲೋ ಸಿಕ್ಕ ಎಪಿಕೆ ಫೈಲ್ (ಆ್ಯಪನ್ನು ನೇರವಾಗಿ ಇನ್‌ಸ್ಟಾಲ್ ಮಾಡುವ ಫೈಲ್) ಮಾತ್ರ ಹಾಕಬೇಡಿ. ನಾನು ಹಳೆಯ ಫೋನಿನಲ್ಲಿ ಒಂದನ್ನು ಹಾಕಲು ಹೋದೆ, ಇನ್‌ಸ್ಟಾಲ್ ಆಗಲೇ ಇಲ್ಲ. ಸಿಸ್ಟಂನಲ್ಲಿರುವ ಮೂಲ ಪ್ರತಿಯ ಡಿಜಿಟಲ್ ಸಹಿಗೂ (ಆ್ಯಪ್ ಮಾಡಿದವರ ಗುರುತು) ಹೊಸ ಫೈಲಿನ ಸಹಿಗೂ ತಾಳೆಯಾಗದಿದ್ದರೆ ಆಂಡ್ರಾಯ್ಡ್ ಅದನ್ನು ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು.

ಇನ್ನು ಎಡಿಬಿ. ಹೆಸರು ಕೇಳಿಯೇ ಜಾಸ್ತಿ ಜನ ಹಿಂದೆ ಸರಿಯುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಕಂಪ್ಯೂಟರ್‌ಗೆ ಗೂಗಲ್‌ನವರೇ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿ (ಎಡಿಬಿ ಇರುವುದು ಇದರಲ್ಲೇ), ಕೇಬಲ್ ಹಾಕಿ. ಫೋನ್ ಒಪ್ಪಿಗೆ ಕೇಳಿದಾಗ ಕೊಡಿ. ಕೇಬಲ್ ಡೇಟಾ ಕೇಬಲ್ ಆಗಿರಬೇಕು. ಬರೀ ಚಾರ್ಜಿಂಗ್ ಕೇಬಲ್ ಹಾಕಿಕೊಂಡು ನಾನು ಇಪ್ಪತ್ತು ನಿಮಿಷ ಒದ್ದಾಡಿದೆ.

ಮೊದಲ ಕೆಲಸ, ಏನೇನು ತೆಗೆದಿದ್ದಾರೆ ಎಂದು ತಿಳಿಯುವುದು. "ಎಡಿಬಿ ಶೆಲ್ ಪಿಎಂ ಲಿಸ್ಟ್ ಪ್ಯಾಕೇಜಸ್" ಎಂದು ಕೊಟ್ಟರೆ ಈಗ ಇರುವವುಗಳ ಪಟ್ಟಿ ಬರುತ್ತದೆ. ಅದೇ ಸಾಲಿನ ಕೊನೆಗೆ ಸ್ವಲ್ಪ ಜಾಗ ಬಿಟ್ಟು ಅಡ್ಡಗೆರೆ (-) ಮತ್ತು ಯು ಅಕ್ಷರ ಸೇರಿಸಿದರೆ ತೆಗೆದವೂ ಸೇರಿ ಬರುತ್ತವೆ. ಎಲ್ಲವನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹುಡುಗ ತೆಗೆದ 14 ಆ್ಯಪ್‌ಗಳ ಹೆಸರು ಸಿಕ್ಕಿತು. ಅವನಿಗೇ ಅಷ್ಟು ನೆನಪಿರಲಿಲ್ಲ. ಅಮ್ಮನ ಫೋನಿನಲ್ಲಿ ಬೇರೆ ಯಾವ ದಾರಿಯಲ್ಲೂ ಈ ಪಟ್ಟಿ ನನಗೆ ಸಿಗಲಿಲ್ಲ.

ಆಮೇಲೆ "ಎಡಿಬಿ ಶೆಲ್ ಸಿಎಂಡಿ ಪ್ಯಾಕೇಜ್ ಇನ್‌ಸ್ಟಾಲ್-ಎಕ್ಸಿಸ್ಟಿಂಗ್" ಎಂದು ಬರೆದು, ಮುಂದೆ ಆ್ಯಪಿನ ಪ್ಯಾಕೇಜ್ ಹೆಸರು (ಆ ಪಟ್ಟಿಯಲ್ಲಿ ಕಾಣುವ ಒಳ ಹೆಸರು) ಕೊಟ್ಟರೆ ಮುಗಿಯಿತು. ಗೂಗಲ್ ಕ್ಯಾಲ್ಕುಲೇಟರಿನದು ಕಾಂ ಡಾಟ್ ಗೂಗಲ್ ಡಾಟ್ ಆಂಡ್ರಾಯ್ಡ್ ಡಾಟ್ ಕ್ಯಾಲ್ಕುಲೇಟರ್. ಇದು ಹೊಸದಾಗಿ ಏನನ್ನೂ ಇಳಿಸುವುದಿಲ್ಲ. ಸಿಸ್ಟಂನಲ್ಲಿ ಇರುವ ಪ್ರತಿಯನ್ನೇ ಈ ಬಳಕೆದಾರರಿಗೆ ಮತ್ತೆ ಕೊಡುತ್ತದೆ. ನೆಟ್ ಬೇಡ, ಗೂಗಲ್ ಖಾತೆ ಬೇಡ, ಬೇರೆ ಯಾವ ಸೆಟ್ಟಿಂಗೂ ಅಲುಗಾಡುವುದಿಲ್ಲ. ರೇಡಿಯೊ ಹೆಸರಿನ ಸಾಲು ಕೊಟ್ಟು ಎಂಟರ್ ಒತ್ತಿದ ಮರುಕ್ಷಣ ಅದರ ಗುರುತು ಪರದೆಯಲ್ಲಿ ಬಂತು. ಅಮ್ಮ ಇಯರ್‌ಫೋನ್ ಸಿಕ್ಕಿಸಿಯೇಬಿಟ್ಟಳು. ಆ 14ರಲ್ಲಿ ಉಳಿದ 12 ಅವಳಿಗೆ ಬೇಡವೇ ಆಗಿದ್ದವು, ಅವನ್ನು ಹಾಗೇ ಬಿಟ್ಟೆ. ಹುಡುಗನ ಕೆಲಸ ಪೂರ್ತಿ ವ್ಯರ್ಥವಾಗಲಿಲ್ಲ.

ಕಂಪ್ಯೂಟರ್ ಇಲ್ಲದವರಿಗೆ ಶಿಝುಕು ಮತ್ತು ಕಾಂಟಾ ಎಂಬ ಎರಡು ಆ್ಯಪ್ ಸೇರಿಸಿ ಇದೇ ಕೆಲಸ ಮಾಡಬಹುದು. ಆಂಡ್ರಾಯ್ಡ್ 11ರಿಂದ ಕೇಬಲ್ ಇಲ್ಲದೆಯೇ ಎಡಿಬಿ ಜೋಡಿಸುವ ವೈರ್‌ಲೆಸ್ ಡೀಬಗ್ಗಿಂಗ್ ಇದೆ, ಶಿಝುಕು ಅದನ್ನು ಬಳಸುತ್ತದೆ. ವೈಫೈ ಬೇಕು. ನನ್ನ ಹಳೆಯ ಫೋನಿನಲ್ಲಿ ಜೋಡಿಸುವ ಕೋಡ್ ಹಾಕುವುದರಲ್ಲೇ ಎರಡು ಸಲ ಎಡವಿದೆ. ಆದರೆ ಒಮ್ಮೆ ಹಿಡಿದ ಮೇಲೆ ತೆಗೆದ ಆ್ಯಪ್‌ಗಳ ಪಟ್ಟಿಯಿಂದ ಬೇಕಾದ್ದನ್ನು ಬೆರಳಿನಲ್ಲೇ ಆರಿಸಬಹುದು. ಫೋನ್ ರೀಸ್ಟಾರ್ಟ್ ಆದರೆ ಶಿಝುಕುವನ್ನು ಮತ್ತೆ ಶುರು ಮಾಡಬೇಕು. ಅಮ್ಮನ ಆಂಡ್ರಾಯ್ಡ್ 9ಕ್ಕೆ ಇದು ಆಗಲಿಲ್ಲ, ಕೇಬಲ್ಲೇ ಗತಿ.

ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಬಂದ್ ಮಾಡಲು ಮರೆಯಬೇಡಿ. ನಾನು ಮರೆತೆ. ಮಾರನೆಯ ದಿನ ನನ್ನ ಬ್ಯಾಂಕಿನ ಆ್ಯಪ್ ತೆರೆಯಲು ಒಪ್ಪಲಿಲ್ಲ. ಬಂದ್ ಮಾಡಿದ ಮೇಲೆ ತೆರೆಯಿತು.

ಅಂಗಡಿಯವರು ಹೇಳಿದಂತೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡುವುದನ್ನೂ ನನ್ನ ಹಳೆಯ ಫೋನಿನಲ್ಲಿ ನೋಡಿದೆ. ಫ್ಯಾಕ್ಟರಿ ರೀಸೆಟ್‌ಗೆ ಹತ್ತು ನಿಮಿಷ ಹಿಡಿಯಿತು. ಜೊತೆಗೆ ಬಂದಿದ್ದ ಆ್ಯಪ್‌ಗಳೆಲ್ಲ ಬಂದವು, ಅದು ನಿಜ. ಆದರೆ ಪೂರ್ತಿ ಸಂಜೆ ವಾಟ್ಸಾಪ್ ಬ್ಯಾಕಪ್ ಇಳಿಸುವುದು, ಯುಪಿಐ ಮತ್ತೆ ನೋಂದಾಯಿಸುವುದು, ಒಂದೊಂದಕ್ಕೂ ಲಾಗಿನ್ ಆಗುವುದರಲ್ಲೇ ಹೋಯಿತು. ಇದನ್ನು ಅಮ್ಮನಿಗೆ ಮಾಡಿಸಲು ನನಗೆ ಮನಸ್ಸೇ ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಆಂಡ್ರಾಯ್ಡ್ 5.1ರಿಂದ ರೀಸೆಟ್ ರಕ್ಷಣೆ ಇದೆ. ಸೆಟ್ಟಿಂಗ್ಸ್ ಬಿಟ್ಟು, ಫೋನ್ ಶುರುವಾಗುವಾಗ ಬಟನ್ ಒತ್ತಿ ತೆರೆಯುವ ರಿಕವರಿ ಮೆನುವಿನಿಂದ ಅಳಿಸಿದರೆ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಅಮ್ಮನ ಪಾಸ್‌ವರ್ಡ್ ಯಾರಿಗೆ ನೆನಪಿದೆ? ಫೋನೇ ಆನ್ ಆಗಿ ನಿಲ್ಲುತ್ತಿಲ್ಲ ಎನ್ನುವಾಗ ಮಾತ್ರ ನಾನು ಇದಕ್ಕೆ ಕೈ ಹಾಕುತ್ತೇನೆ.

ತಂಗಿಯ ಹತ್ತಿರ ಐಫೋನ್ ಇದೆ, ಅದರಲ್ಲೂ ನೋಡಿದೆ. 2016ರ ಐಒಎಸ್ 10ರಿಂದ ಆ್ಯಪಲ್‌ನ ಹಲವು ಆ್ಯಪ್‌ಗಳನ್ನು ತೆಗೆಯಬಹುದು. ವಾಪಸ್ ತರಲು ಆ್ಯಪ್ ಸ್ಟೋರಿನಲ್ಲಿ ಹುಡುಕಿ ಮೋಡದ ಗುರುತು ಒತ್ತಿದರೆ ಸಾಕು. ಕ್ಯಾಮೆರಾ ಅಥವಾ ಸಫಾರಿ ಕಾಣದಿದ್ದರೆ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ನಮ್ಮಲ್ಲಿ ಅವನ್ನು ಅಳಿಸುವುದಕ್ಕೆ ಆಗುವುದಿಲ್ಲ. ಹೋಮ್ ಸ್ಕ್ರೀನಿನಿಂದ ತೆಗೆದಿದ್ದರೆ ಆ್ಯಪ್ ಲೈಬ್ರರಿಯಲ್ಲಿ ಇರುತ್ತವೆ. ಅಲ್ಲೂ ಇಲ್ಲದಿದ್ದರೆ ಸ್ಕ್ರೀನ್ ಟೈಮ್ ಒಳಗಿನ ನಿರ್ಬಂಧ ನೋಡಿ. ತಂಗಿಯ ಫೋನಿನಲ್ಲಿ ಕ್ಯಾಮೆರಾ ಹೋಗಿದ್ದು ಅಲ್ಲೇ, ಮಗನಿಗೆಂದು ಹಾಕಿದ್ದ ತಡೆ ಹಾಗೇ ಉಳಿದಿತ್ತು.

ಯಾವ ದಾರಿಯಿಂದಲೂ ಬಾರದ್ದು ಒಂದಿದೆ. ಹಳೆಯ ಆಂಡ್ರಾಯ್ಡ್‌ಗಳಲ್ಲಿ, ಅಪ್‌ಡೇಟ್ ಆಗಿರುವ ಆ್ಯಪನ್ನು ಡಿಸೇಬಲ್ ಮಾಡಲು ಹೋದರೆ, ಮೂಲ ಪ್ರತಿಗೆ ಬದಲಿಸಲೇ, ಡೇಟಾ ಎಲ್ಲ ಹೋಗುತ್ತದೆ ಎಂದು ಕೇಳುತ್ತದೆ. ಹುಡುಗ ಸರಿ ಎಂದು ಒತ್ತಿದ್ದ. ಹಾಗಾಗಿ ಗಡಿಯಾರ ಬಂತು, ಒಳಗೆ ಒಂದು ಅಲಾರಾಮೂ ಇರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಹೇಳಿದಳು, ನಾನು ಹಾಕಿದೆ. ಐದೂವರೆಗೆ ಮಾತ್ರೆ, ಆರೂಕಾಲಿಗೆ ಹಾಲಿನವನು, ರಾತ್ರಿ ಒಂಬತ್ತಕ್ಕೆ ಬಿಪಿ ಮಾತ್ರೆ. ಒಟ್ಟು ಆರು ಇದ್ದವಂತೆ. ಐದು ನೆನಪಾದವು. ಆರನೆಯದು ಯಾವುದಕ್ಕೆಂದು ಅವಳಿಗೆ ಇನ್ನೂ ಹೊಳೆದಿಲ್ಲ.