ಹೆದ್ದಾರಿಯ ಕೆಳಗಿನ ದಾರಿ: ನಮ್ಮ ಊರಿನ ಅಂಡರ್‌ಪಾಸ್ ಬಳಸಿ ಕಂಡದ್ದು

ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥಕ್ಕೆ ಅಗಲವಾಗುತ್ತಾ ಬಂದಂತೆ, ಅದರ ಮಗ್ಗುಲಿನ ಊರುಗಳಲ್ಲಿ ಒಂದೇ ಊರಿನ ಜನ ಆಚೆಯವರು, ಈಚೆಯವರು ಎಂದು ಎರಡಾಗಿದ್ದಾರೆ. ಶಿವಮೊಗ್ಗ ಜಿಲ್ಲೆಯ ಅಂಥ ಒಂದು ಊರಿನಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಮತ್ತು ದನಕರುಗಳಿಗೆಂದು ರಸ್ತೆಯ ಕೆಳಗೆ ಕಟ್ಟಿರುವ ಅಂಡರ್‌ಪಾಸ್ ಕುರಿತ ವಿಮರ್ಶೆ ಇದು. ಶಾಲೆ, ಹಾಲಿನ ಡೈರಿ ಮತ್ತು ನ್ಯಾಯಬೆಲೆ ಅಂಗಡಿ ಈಚೆಗಿವೆ. ಗದ್ದೆ, ಅಡಿಕೆ ತೋಟ ಮತ್ತು ಹೊಸ ಬಡಾವಣೆ ಆಚೆಗಿವೆ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಸೈಕಲ್ಲಿನವರಿಗೆ ಇದು ನಿಜವಾದ ಅನುಕೂಲ, ನಡೆಯುವವರಿಗೆ ಅರ್ಧ ಅನುಕೂಲ. ಆ ಅರ್ಧದ ಕೊರತೆಗೆ ಕಾರಣ ಅಂಡರ್‌ಪಾಸಿನ ಒಳಗಿಲ್ಲ, ಹೊರಗಿದೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ಇಲ್ಲಿ ಹೆದ್ದಾರಿಯನ್ನೇ ಮಣ್ಣಿನ ಏರಿಯ ಮೇಲೆ ಎತ್ತರಿಸಿರುವುದರಿಂದ ಕೆಳಗಿನ ದಾರಿ ಹೆಚ್ಚುಕಡಿಮೆ ಗದ್ದೆಯ ಮಟ್ಟದಲ್ಲೇ ಸಾಗುತ್ತದೆ. ಮೆಟ್ಟಿಲಿಲ್ಲ, ಕಡಿದಾದ ಇಳಿಜಾರೂ ಇಲ್ಲ. ಇದರ ಬದಲು ಮೇಲ್ಸೇತುವೆ ಕಟ್ಟಿದ್ದರೆ ವಾಹನಗಳಿಗಾಗಿಯೇ 5.5 ಮೀಟರ್ ಎತ್ತರ ಬಿಡಬೇಕಾಗಿತ್ತು. ಹದಿನೈದು ಸೆಂಟಿಮೀಟರಿನ ಮೆಟ್ಟಿಲೆಂದು ಹಿಡಿದರೆ, ಸೇತುವೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಒಂದು ಬದಿಗೆ ಮೂವತ್ತಾರಕ್ಕಿಂತ ಹೆಚ್ಚು ಮೆಟ್ಟಿಲಾಗುತ್ತವೆ. ಹ್ಯಾಂಡಲಿಗೆ ಹಾಲಿನ ಕ್ಯಾನು ತಗುಲಿಸಿಕೊಂಡವನು ಅಷ್ಟು ಮೆಟ್ಟಿಲನ್ನು ಹತ್ತುತ್ತಾನೆಂದು ನಕ್ಷೆ ಬರೆಯುವವರು ಮಾತ್ರ ನಂಬಬಲ್ಲರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದಾಗ ಈ ಊರಿನ ಹೆಣ್ಣುಮಕ್ಕಳು ದೂರದ ಶಾಲೆಗೆ ಹೋಗುವುದು ಸುಲಭವಾಗಿತ್ತು. ಹೆದ್ದಾರಿ ಅಗಲವಾದ ಮೇಲೆ ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸಲು ಹೆದರುತ್ತಿದ್ದ ಹಲವು ತಾಯಂದಿರು ಈಗ ಧೈರ್ಯವಾಗಿ ಕಳಿಸುತ್ತಿರುವುದು ಈ ದಾರಿಯ ದೊಡ್ಡ ಗಳಿಕೆ.

ಒಳಗಡೆ ಒಂದು ಗೋಡೆಯ ಉದ್ದಕ್ಕೂ ನಡೆಯುವವರಿಗೆ ಎತ್ತರಿಸಿದ ಕಟ್ಟೆಯಿದೆ. ಪಾದಚಾರಿ ಮಾರ್ಗಕ್ಕೆ ಅಡ್ಡಿಯಿಲ್ಲದ 1.8 ಮೀಟರ್ ಅಗಲವಾದರೂ ಬೇಕು, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ಅಗಲದ ಮಟ್ಟಿಗೆ ಇಲ್ಲಿ ತಕರಾರಿಲ್ಲ. ಆದರೆ ಕಟ್ಟೆ ಮುಗಿಯುವ ತುದಿಯಲ್ಲಿ ಇಳಿಜಾರು ಮಾಡದೆ ಹಾಗೆಯೇ ಕತ್ತರಿಸಿ ಬಿಟ್ಟಿದ್ದಾರೆ. ಮೊಣಕಾಲು ನೋವಿನ ಮುದುಕಿಯರು ಅಲ್ಲಿ ಗೋಡೆ ಹಿಡಿದು, ಒಂದು ಕಾಲು ಕೆಳಗಿಟ್ಟು, ನೆಲ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಇನ್ನೊಂದು ಕಾಲನ್ನು ಎತ್ತುತ್ತಾರೆ. ಅದೇ ಜಾಗದಲ್ಲಿ ಚರಂಡಿಯ ಚಪ್ಪಡಿಯೊಂದು ಮುರಿದಿದೆ. ಯಾರೋ ಪುಣ್ಯಾತ್ಮರು ಅದರೊಳಗೆ ಅಡಿಕೆ ಹಾಳೆ ಸಿಕ್ಕಿಸಿ ಗುರುತು ಮಾಡಿದ್ದಾರೆ.

ಮಳೆಗಾಲದ ಸಂಗತಿಯೇ ಬೇರೆ. ಮಲೆನಾಡಿನ ಅಂಚಿನ ಈ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯ ನೀರು ತಗ್ಗು ಹುಡುಕುತ್ತದೆ, ಮತ್ತು ಇಡೀ ಏರಿಗೆ ತಗ್ಗೆಂದರೆ ಇದೊಂದೇ ಕಂಡಿ. ನೀರು ನಿಲ್ಲುವುದು ಕೆಲವೇ ಗಂಟೆ ಇರಬಹುದು, ಆದರೆ ಅದು ಬಿಟ್ಟುಹೋಗುವ ರಾಡಿ ವಾರಗಟ್ಟಲೆ ಉಳಿದು ಪಾಚಿಗಟ್ಟುತ್ತದೆ. ಡೈರಿಗೆ ಹೋಗುವ ಹಿರಿಯರೊಬ್ಬರು ಸೈಕಲ್ಲಿನಿಂದಿಳಿದು ತಳ್ಳುತ್ತಾ, ‘ಪಾಚಿ ಮೇಲೆ ಬ್ರೇಕ್ ಹಿಡಿದ್ರೆ ಹಾಲೂ ಹೋಯ್ತು, ಸೊಂಟಾನೂ ಹೋಯ್ತು ಮೇಷ್ಟ್ರೇ’ ಎಂದರು. ನೆಲವನ್ನು ನುಣುಪಾಗಿ ಉಜ್ಜದೆ ಗೀರು ಹಾಕಿ ಒರಟಾಗಿ ಬಿಟ್ಟಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ. ದೀಪ ಎರಡೂ ಬಾಯಿಗಳಲ್ಲಿದೆ, ನಡುವೆ ಇಲ್ಲ. ಕತ್ತಲಾದ ಮೇಲೆ ಹೆಂಗಸರು ಒಬ್ಬೊಬ್ಬರೇ ಬರುವುದಿಲ್ಲ.

ಇಷ್ಟೆಲ್ಲ ಕುಂದಿದ್ದರೂ ಮೇಲಿನ ರಸ್ತೆಯನ್ನು ದಾಟುವುದಕ್ಕಿಂತ ಇದು ಎಷ್ಟೋ ಪಾಲು ಮೇಲು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ನಾಲ್ಕು ಪಥದ ರಸ್ತೆಯಲ್ಲಿ ಡಿವೈಡರ್‌ವರೆಗಿನ ಎರಡು ಪಥವೆಂದರೆ ಏಳು ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಅದನ್ನು ದಾಟಲು ಸುಮಾರು ಆರು ಸೆಕೆಂಡ್ ಬೇಕು. ಅಷ್ಟರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ನೂರಮೂವತ್ತು ಮೀಟರ್ ಬಂದಿರುತ್ತದೆ. ನಿಧಾನವಾಗಿ ಹೆಜ್ಜೆಯಿಡುವ ವಯಸ್ಸಾದವರಿಗೆ ಇನ್ನೂರು ಮೀಟರ್ ದೂರದ ವಾಹನವೂ ಹತ್ತಿರದ್ದೇ, ಮತ್ತು ಜಡಿಮಳೆಯ ಸಂಜೆ ಅಷ್ಟು ದೂರ ಕಾಣುವುದೂ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು.

ಹಾಗಿದ್ದೂ ಜನ ಡಿವೈಡರ್‌ನ ಹಳೆಯ ಸಂದಿನಲ್ಲೇ ನುಗ್ಗಿ ದಾಟುತ್ತಾರೆ. ಅವರನ್ನು ಬೈಯುವುದು ಸುಲಭ. ಆದರೆ ಬಸ್ ನಿಲ್ಲುವುದು ಆ ಸಂದಿನ ಎದುರಿಗೆ, ಅಂಡರ್‌ಪಾಸ್ ಇರುವುದು ಅಲ್ಲಿಂದ ಸುಮಾರು ನಾನೂರು ಮೀಟರ್ ಆಚೆ. ಸೈಕಲ್ಲಿನ ಹುಡುಗನಿಗೆ ಹೋಗಿಬರುವ ಈ ಎಂಟುನೂರು ಮೀಟರ್ ಸುತ್ತು ಮೂರ್ನಾಲ್ಕು ನಿಮಿಷದ ಮಾತು. ಅಕ್ಕಿಯ ಚೀಲ ಹೊತ್ತು ಬಸ್ಸಿಳಿದ ಹೆಂಗಸಿಗೆ ಅದು ಹನ್ನೊಂದು ನಿಮಿಷಕ್ಕಿಂತ ಹೆಚ್ಚಿನ ನಡಿಗೆ, ಅದೂ ಪಾದಚಾರಿ ಮಾರ್ಗವೇ ಇಲ್ಲದ ಸರ್ವಿಸ್ ರಸ್ತೆಯ ಮೇಲೆ, ಎದುರಿನಿಂದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರುಗಳು ಬರುತ್ತಿರುವಾಗ. ತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ಸರ್ವಿಸ್ ರಸ್ತೆಗೆ ಅದಿನ್ನೂ ತಲುಪಿಲ್ಲ.

ಹೊಸದಾಗಿ ಈ ದಾರಿ ಬಳಸುವವರು ಮಳೆಗಾಲದಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು, ಕತ್ತಲಾದ ಮೇಲೆ ಟಾರ್ಚ್ ಹಿಡಿಯುವುದು ಒಳ್ಳೆಯದು. ನೀರು ನಿಂತರೆ ಅಥವಾ ದೀಪ ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಜಾಗ ಗುರುತಿಸುವುದು ಅವರಿಗೆ ಸುಲಭವಾಗುತ್ತದೆ. ಡಿವೈಡರ್‌ನ ಸಂದನ್ನು ಕಬ್ಬಿಣದ ಬೇಲಿ ಹಾಕಿ ಮುಚ್ಚಬೇಕೆಂದು ಕೆಲವರು ಒತ್ತಾಯಿಸುತ್ತಿದ್ದಾರೆ. ಅದಕ್ಕಿಂತ ಮೊದಲು ಬಸ್ ತಂಗುದಾಣವನ್ನು ಅಂಡರ್‌ಪಾಸಿನ ಬಾಯಿಗೆ ತಂದರೆ, ಬೇಲಿಯ ಅಗತ್ಯ ಎಷ್ಟರಮಟ್ಟಿಗೆ ಉಳಿಯುತ್ತದೆಂದು ಆಗ ನೋಡಬಹುದು.