ಒಂದು ಟವೆಲು, ನಾಲ್ಕು ತೂಕ

ಕಾಳುಮೆಣಸು ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ನಾನು ಒದ್ದೆ ಟವೆಲು ಇಡುವುದನ್ನು ನೋಡಿ ಅಮ್ಮ ಜಗಲಿಯಿಂದಲೇ ಕೇಳಿದಳು: “ಅದಕ್ಕೆ ಇವತ್ತು ಎಷ್ಟಂತೆ ಧಾರಣೆ?”

ನಗುವವರು ನಗಲಿ. ಒಣಗಿದ್ದಾಗ 400 ಗ್ರಾಂ ಇದ್ದ ಆ ದಪ್ಪ ಟರ್ಕಿ ಟವೆಲು ನನಗೆ ಕಲಿಸಿದ್ದನ್ನು ಅಂಗಡಿಯ ಯಾವ ಮಾರಾಟಗಾರನೂ ಹೇಳಿರಲಿಲ್ಲ.

ಕಳೆದ ಜೂನಿನಲ್ಲಿ ಹೆಂಡತಿಗೆ ಕಾಸರಗೋಡು ಪೇಟೆಯ ಶಾಲೆಗೆ ವರ್ಗವಾಯಿತು. ನಮ್ಮ ಮನೆ ಬದಿಯಡ್ಕದಿಂದಲೂ ಒಳಗೆ. ಅವಳು ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದರೆ ಮನೆಗೆ ಮರಳುವಾಗ ಸಂಜೆ ಆರು ಕಳೆದಿರುತ್ತದೆ. ತೋಟ ನೋಡಿಕೊಂಡು ಮನೆಯಲ್ಲೇ ಇರುವವನು ನಾನು. ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಹೀಗೆ ಆರು ಜನರ ಬಟ್ಟೆ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂತು. ಬಂದದ್ದು ಮಳೆಗಾಲದ ಬಾಗಿಲಲ್ಲಿ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುವ ಊರಿದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹಗ್ಗದ ಮೇಲೆ ಹಾಕಿದ ಅಂಗಿ ಮೂರನೆಯ ದಿನ, ಹಾಕಿದ ದಿನಕ್ಕಿಂತ ಹೆಚ್ಚು ಒದ್ದೆಯಾಗಿರುವುದನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ: ಇಲ್ಲಿ ಒಗೆಯುವುದು ಕಷ್ಟವೇ ಅಲ್ಲ, ಒಣಗಿಸುವುದೇ ಕಷ್ಟ. ಹಾಗಾಗಿ ಒಗೆದು ಹಿಂಡುವ ನಾಲ್ಕು ಬಗೆಯನ್ನು ನಾನು ಹೋಲಿಸಿದ್ದು ಎಷ್ಟು ಬೆಳ್ಳಗಾಯಿತು ಎಂದಲ್ಲ, ಎಷ್ಟು ನೀರು ಬಟ್ಟೆಯಲ್ಲಿ ಉಳಿಯಿತು ಎಂದು.

ಮೊದಲನೆಯದು ಒಗೆಯುವ ಕಲ್ಲು. ಬಚ್ಚಲು ಮನೆಯ ಹಿಂದೆ ಅಜ್ಜನ ಕಾಲದಿಂದ ಇರುವ, ನಡುವೆ ನವಿರಾಗಿ ಸವೆದ ಕಲ್ಲು. ಹದಿನೈದು ದಿನ ಹಟ ಹಿಡಿದು ಅದರಲ್ಲೇ ಒಗೆದೆ. ಅಂಗಿಯ ಕಾಲರು, ಪಂಚೆಯ ಅಂಚು, ಮಕ್ಕಳ ಕಾಲುಚೀಲದ ಅಡಿ, ಇವುಗಳಿಗೆ ಬಾರ್ ಸಾಬೂನು ಉಜ್ಜಿ ಕಲ್ಲಿಗೆ ಬಡಿದರೆ ಬರುವ ಶುಚಿ ಯಾವ ಯಂತ್ರದಲ್ಲೂ ಬರುವುದಿಲ್ಲ ಎಂಬುದನ್ನು ಒಪ್ಪಿದೆ. ಗುಂಡಿಗಳು ಒಡೆಯುವುದನ್ನೂ ಒಪ್ಪಬೇಕಾಯಿತು. ಆದರೆ ಎರಡು ಕೈಯಲ್ಲಿ ಹಿಂಡಿ ಹಿಂಡಿ ಇನ್ನು ಹನಿ ಬಾರದು ಎಂಬಲ್ಲಿಗೆ ತಂದ ಟವೆಲು ತಕ್ಕಡಿಯಲ್ಲಿ 900 ಗ್ರಾಂ ತೋರಿಸಿತು. ಅಂದರೆ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಅದು ಹೊತ್ತುಕೊಂಡೇ ಹಗ್ಗಕ್ಕೇರುತ್ತಿತ್ತು. ಮೇ ತಿಂಗಳಲ್ಲಿ ಅದೊಂದು ಲೆಕ್ಕವೇ ಅಲ್ಲ, ಮಧ್ಯಾಹ್ನಕ್ಕೆ ಹಪ್ಪಳವಾಗುತ್ತದೆ. ಜುಲೈಯಲ್ಲಿ ಆ ಅರ್ಧ ಕಿಲೋ ನೀರು ಎಲ್ಲಿಗೂ ಹೋಗುವುದಿಲ್ಲ.

ಎರಡನೆಯದು ಹನ್ನೆರಡು ವರ್ಷದ ಹಳೆಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್, ಒಗೆಯಲು ಒಂದು ತೊಟ್ಟಿ, ಹಿಂಡಲು ಪಕ್ಕದಲ್ಲಿ ಇನ್ನೊಂದು. ಅದರ ಮುಚ್ಚಳದ ಹಿಂಜು ಮುರಿದು ಮೇಲೆ ರುಬ್ಬುಗುಂಡು ಇಡುವ ಸ್ಥಿತಿ. ನಿಂತು ಕೆಲಸ ಮಾಡಬೇಕು: ನೀರು ಬಿಡು, ತಿರುಗಿಸು, ಖಾಲಿ ಮಾಡು, ಮತ್ತೆ ನೀರು ಬಿಡು, ಜಾಲಾಡಿಸು, ಎತ್ತಿ ಆ ಬದಿಗೆ ಹಾಕು. ಒಂದು ಕಂತಿಗೆ ಮುಕ್ಕಾಲು ಗಂಟೆ ನನ್ನ ಕಾಲು ಅಲ್ಲೇ. ಟವೆಲು 660 ಗ್ರಾಂ.

ಮೂರನೆಯದು ನಮ್ಮಲ್ಲಿಲ್ಲ, ಉಪ್ಪಳದ ಅಕ್ಕನ ಮನೆಯ ಟಾಪ್ ಲೋಡ್, ಮೇಲಿನಿಂದ ಬಟ್ಟೆ ಹಾಕುವ ಯಂತ್ರ. ಒಂದು ಭಾನುವಾರ ಟವೆಲು, ತಕ್ಕಡಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಕ್ಕ ಭಾವನ ಮುಖ ನೋಡಿದಳು, ಭಾವ ನನ್ನ ಮುಖ ನೋಡಿದರು. ಬಟ್ಟೆ ಹಾಕಿ ಗುಂಡಿ ಒತ್ತಿ ಊಟಕ್ಕೆ ಕುಳಿತೆವು, ಏಳುವಾಗ ಕೆಲಸ ಮುಗಿದಿತ್ತು. ಸುಖ ಎಂದರೆ ಅದು. ಆದರೆ ತೂಕ 720. ಹಳೆಯ ಸೆಮಿಗಿಂತ ಹಿಂದೆ! ಅಕ್ಕನಿಗೆ ಬೇಸರವಾಗಬಾರದೆಂದು ಅಲ್ಲಿ ಬಾಯಿ ಬಿಡಲಿಲ್ಲ.

ನಾಲ್ಕನೆಯದು ಆಗಸ್ಟ್‌ನಲ್ಲಿ ನಾವೇ ಕೊಂಡ ಏಳು ಕಿಲೋದ ಫ್ರಂಟ್ ಲೋಡ್, ಎದುರಿಗೆ ಗಾಜಿನ ಬಾಗಿಲಿನದು, ಹಿಂಡುವಾಗ ನಿಮಿಷಕ್ಕೆ 1,200 ಸುತ್ತು. ಟವೆಲು 610.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನನ್ನ ಹಳೆಯ ಸೆಮಿಯ ಹಿಂಡುವ ತೊಟ್ಟಿ ನಿಮಿಷಕ್ಕೆ 1,300 ಸುತ್ತು ತಿರುಗುತ್ತದೆ ಎಂದು ಅದರ ಬೆನ್ನ ಮೇಲೆ ಬರೆದಿದೆ. 1,200ರ ಯಂತ್ರ ಅದನ್ನು ಸೋಲಿಸಿದ್ದು ಹೇಗೆ? ತೊಟ್ಟಿಯ ಅಗಲದಿಂದ. ಸೆಮಿಯ ಹಿಂಡುವ ಬುಟ್ಟಿ ತೋಟದ ಬಕೆಟ್ಟಿಗಿಂತ ದೊಡ್ಡದಲ್ಲ, ಫ್ರಂಟ್ ಲೋಡಿನ ಡ್ರಮ್ಮು ಹೆಚ್ಚುಕಡಿಮೆ ಅದರ ಎರಡು ಪಟ್ಟು ಅಗಲ. ಒಂದೇ ವೇಗದಲ್ಲಿ ತಿರುಗಿದರೂ ಅಗಲದ ಡ್ರಮ್ಮಿನ ಅಂಚಿನಲ್ಲಿರುವ ಬಟ್ಟೆ ಹೆಚ್ಚು ಬಲದಿಂದ ಗೋಡೆಗೆ ಒತ್ತುತ್ತದೆ, ನೀರು ಹೊರಗೆ ಚಿಮ್ಮುತ್ತದೆ. ಟಾಪ್ ಲೋಡಿಗೆ ಅಗಲವಿದ್ದರೂ ಅದು ಸಾಮಾನ್ಯವಾಗಿ 700 ಸುತ್ತಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಲ್ಲಿ ಅದು ಸೋತಿತು. ಅಂಗಡಿಗೆ ಹೋದಾಗ ಎಷ್ಟು ಸುತ್ತು ಎಂದು ಕೇಳಿದರೆ ಅರ್ಧ ಕೇಳಿದಂತೆ, ಡ್ರಮ್ಮಿನ ಒಳಗೆ ಕೈ ಚಾಚಿ ಅಗಲವನ್ನೂ ನೋಡಬೇಕು.

ಹಾಗಾದರೆ ಫ್ರಂಟ್ ಲೋಡ್ ಗೆದ್ದಿತು ಎನ್ನೋಣವೇ? ಆಗಸ್ಟ್ ಮೂರನೆಯ ವಾರದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಯಂತ್ರ ಅರ್ಧ ದಾರಿಯಲ್ಲಿತ್ತು. ಒಳಗೆ ನೀರು, ಬಾಗಿಲಿಗೆ ಬೀಗ, ಗಾಜಿನಾಚೆ ಮರುದಿನಕ್ಕೆ ಬೇಕಾದ ಎರಡು ಜೊತೆ ಸಮವಸ್ತ್ರ. ಟಾರ್ಚ್ ಹಿಡಿದು ಮಗಳು ಒಳಗೆ ನೋಡುತ್ತಿದ್ದಳು, ಮೀನಿನ ತೊಟ್ಟಿ ನೋಡುವ ಹಾಗೆ. “ಅಪ್ಪ, ನನ್ನ ಪಾವಡೆ ತೇಲುತ್ತಾ ಉಂಟು” ಎಂದಳು. ಕೆಳಗಿನ ಸಣ್ಣ ಮುಚ್ಚಳ ತೆಗೆದು ನೀರು ಬಸಿದು ಬಾಗಿಲು ತೆರೆಯಬಹುದು ಎಂದು ಗೊತ್ತಾದದ್ದು ಮಾರನೆಯ ದಿನ, ಜೊತೆಗೆ ಬಂದ ಪುಸ್ತಕ ಓದಿದಾಗ. ಸೆಮಿಯಾಗಿದ್ದರೆ ಕೈ ಹಾಕಿ ಎತ್ತಿ, ಹಿಂಡಿ, ಒಲೆಯ ಮೇಲಿನ ಗಳಕ್ಕೆ ಹಾಕಿಬಿಡುತ್ತಿದ್ದೆ.

ನೀರಿನ ವಿಷಯ ಇನ್ನೊಂದು. ನಮಗೆ ಕುಡಿಯಲೂ ಒಗೆಯಲೂ ಸುರಂಗದ ನೀರು. ಹೊರಗಿನವರಿಗಾಗಿ ಹೇಳುವುದಾದರೆ, ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಆಳೆತ್ತರದ ದಾರಿ ಮಾಡಿ, ಒಳಗೆ ಜಿನುಗುವ ನೀರನ್ನು ಪಂಪಿಲ್ಲದೆ ತಾನಾಗಿ ಹರಿದು ಬರುವಂತೆ ಮಾಡುವುದು ಸುರಂಗ. ಮೃದುವಾದ ನೀರು, ಚಿಟಿಕೆ ಪುಡಿಗೆ ಮುಷ್ಟಿ ನೊರೆ. ಫ್ರಂಟ್ ಲೋಡಿಗೆ ಮಾಮೂಲು ಸೋಪಿನ ಪುಡಿ ಹಾಕಿದ ಮೊದಲ ದಿನ ಗಾಜಿನ ಬಾಗಿಲು ಪೂರ್ತಿ ಬಿಳಿಯಾಗಿತ್ತು; ಕಡಿಮೆ ನೊರೆಯ ಪುಡಿಯೇ ಬೇಕು, ಅದೂ ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ. ಆದರೆ ತಾನಾಗಿ ಹರಿಯುವ ನೀರಿಗೆ ಒತ್ತಡ ಇರುವುದಿಲ್ಲ. ಯಂತ್ರಕ್ಕೆ ನೀರು ಸಾಲದೆ ಕೂಗತೊಡಗಿತು. ಕೊನೆಗೆ ಮಾಡಿನ ಹತ್ತಿರ ಎತ್ತರದಲ್ಲಿ ಒಂದು ಟಾಂಕಿ ಇಟ್ಟು ಅದಕ್ಕೊಂದು ಸಣ್ಣ ಪಂಪು ಜೋಡಿಸಿದೆ. ಕೊಳವೆ ಯಂತ್ರಕ್ಕೆ ಸೇರುವಲ್ಲಿ ಬೆರಳಿನುಗುರಿನಷ್ಟು ಅಗಲದ ಜಾಲರಿ ಇದೆ, ಮಳೆಗಾಲದಲ್ಲಿ ಅದರಲ್ಲಿ ಕೆಂಪು ಹೂಳು ಕಟ್ಟುತ್ತದೆ. ತಿಂಗಳಿಗೊಮ್ಮೆ ಇಕ್ಕಳದಲ್ಲಿ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಬೇಕು. ನೀರಿನ ಉಳಿತಾಯ ಮಾತ್ರ ನಿಜ: ಹೊರಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೋಡಿದೆ, ಒಂದು ಸಲಕ್ಕೆ 60 ಲೀಟರ್ ದಾಟಲಿಲ್ಲ. ಸೆಮಿಯಲ್ಲಿ ಎರಡು ಸಲ ಜಾಲಾಡಿಸುವಾಗಲೇ ಅಷ್ಟು ಹೋಗಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಸುರಂಗ ಸಣ್ಣಗಾದಾಗ ಬೋರ್‌ವೆಲ್ಲಿನ ನೀರು ಬಳಸುತ್ತೇವೆ. ಬರುವಾಗ ಕನ್ನಡಿ, ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪು ಪೊರೆ. ಕಬ್ಬಿಣ. ಆ ನೀರಿನಲ್ಲಿ ಬಿಳಿ ಅಂಗಿ ಹಳದಿಗಟ್ಟುತ್ತದೆ, ಅದನ್ನು ಹೋಗಲಾಡಿಸಲು ಬ್ಲೀಚ್ ಹಾಕಿದರೆ ಕಬ್ಬಿಣ ಇನ್ನಷ್ಟು ತುಕ್ಕಾಗಿ ಕಲೆ ಗಟ್ಟಿಯಾಗುತ್ತದೆ. ಮಗನ ಎರಡು ಅಂಗಿ ಹಾಗೆ ಕೆಟ್ಟವು. ಹುಳಿಗೆ ಮಾತ್ರ ಅದು ಬಗ್ಗುತ್ತದೆ. ಬಚ್ಚಲ ಹಿಂದಿನ ಬಿಂಬುಳಿಯನ್ನು ಜಜ್ಜಿ ಕಲೆಯ ಮೇಲೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಸಾಕು. ಇನ್ನು ಅಡಿಕೆಯ ಚೊಗರು, ಬಾಳೆಯ ಸೊನೆ ಹತ್ತಿದ ಕೆಲಸದ ಬಟ್ಟೆಯನ್ನು ಬೋರ್ ನೀರಿಗೆ ಹಾಕಿದರೆ ಕಂದು ಕಲೆ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದು ಇದೇ ರೀತಿ: ಚೊಗರಿಗೆ ಕಬ್ಬಿಣ ಕೂಡಿದರೆ ಕಪ್ಪು. ನನ್ನ ಒಂದು ಲುಂಗಿಯ ಮೇಲೆ ಈಗಲೂ ಪತ್ರ ಬರೆದಂತಿದೆ.

ತೋಟಕ್ಕೆ ಮದ್ದು ಬಿಡುವ ದಿನದ ಬಟ್ಟೆಯ ಬಗ್ಗೆ ಮಾತ್ರ ರಾಜಿ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟರೆ (ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ) ಅಂಗಿಯ ಮೇಲೆಲ್ಲ ನೀಲಿ ಹೊಪ್ಪಳೆ. ಅದು ಯಂತ್ರದ ಹತ್ತಿರಕ್ಕೂ ಬರಬಾರದು. ಕಲ್ಲಿನ ಮೇಲೆ, ಬೇರೆಯಾಗಿ, ತೊಳೆದ ನೀರು ಬಾವಿಯ ಕಡೆಗೆ ಹೋಗದಂತೆ.

ಪೇಟೆಯ ಲಾಂಡ್ರಿಯನ್ನೂ ಒಂದು ತಿಂಗಳು ನೋಡಿದೆವು. ಕಿಲೋ ಲೆಕ್ಕ, ಹೆಂಡತಿ ಬೆಳಿಗ್ಗೆ ಚೀಲ ಕೊಟ್ಟರೆ ಮೂರನೆಯ ಸಂಜೆ ಮಡಚಿದ ಕಟ್ಟು. ಒಣಗಿ ಬರುತ್ತದೆ, ಅದೇ ದೊಡ್ಡ ಗುಣ. ನಮ್ಮ ಮೂರು ಬೈರಾಸಿನ (ತೆಳು ಟವೆಲಿನ) ಬದಲು ಯಾರದೋ ನಾಲ್ಕು ಬಂದವು. ಲೆಕ್ಕದಲ್ಲಿ ಲಾಭವಾದರೂ ಅಮ್ಮ ಅವನ್ನು ಒಳಗೆ ತರಲು ಬಿಡಲಿಲ್ಲ. ಈಗ ಕಂಬಳಿ, ಹೊದಿಕೆ ಮಾತ್ರ ಅಲ್ಲಿಗೆ. ಕರೆಂಟಿನ ಡ್ರೈಯರ್ ಕೊಂಡಿಲ್ಲ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಯೂನಿಟ್ ಏರಿದಂತೆ ದರವೂ ಏರುವ ಲೆಕ್ಕ ನೋಡಿಯೇ ಅಂಗಡಿಯಿಂದ ಹಿಂದೆ ಬಂದೆ.

ಒಣಗಿಸಲು ನಮಗಿದ್ದ ಜಾಗ ಮೂರು. ಬಚ್ಚಲ ಒಲೆಯ ಮೇಲಿನ ಗಳ: ಬೇಗ ಒಣಗುತ್ತದೆ, ಆದರೆ ಹೊಗೆಯ ವಾಸನೆ. ಮಗನನ್ನು ತರಗತಿಯಲ್ಲಿ ಯಾರೋ “ಸುಟ್ಟ ಹಪ್ಪಳ” ಎಂದ ಮೇಲೆ ಸಮವಸ್ತ್ರ ಅಲ್ಲಿಗೆ ಹೋಗಿಲ್ಲ. ಕೋಣೆಯಲ್ಲಿ ಫ್ಯಾನು ಹಾಕುವುದು: ಕಿಟಕಿ ಮುಚ್ಚಿದರೆ ಬಟ್ಟೆಯ ನೀರೆಲ್ಲ ಗೋಡೆಗೆ, ಬೀರುವಿನ ಹಿಂದೆ ಬೂಷ್ಟು. ಮೂರನೆಯದು ಅಡಿಕೆ ಒಣಗಿಸುವ ಸೋಲಾರ್ ಗೂಡು. ಪೈಪು ನಿಲ್ಲಿಸಿ ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿದ್ದು, ಮಳೆಗಾಲದಲ್ಲಿ ಹೇಗೂ ಖಾಲಿ. ಮೊದಲ ದಿನ ನಾಲ್ಕೂ ಬದಿ ಮುಚ್ಚಿ ಬಟ್ಟೆ ಹಾಕಿದೆ. ಸಂಜೆ ನೋಡಿದರೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ, ಒಂದೊಂದಾಗಿ ಅದೇ ಅಂಗಿಗಳ ಮೇಲೆ ಬೀಳುತ್ತಿದ್ದವು. ನನ್ನದೇ ಮಳೆಗಾಲವನ್ನು ಒಳಗೆ ಕಟ್ಟಿಕೊಂಡಂತಾಗಿತ್ತು. ಎರಡು ತುದಿಯ ಪರದೆ ಮೇಲೆತ್ತಿ ಗಾಳಿ ಆಡುವಂತೆ ಮಾಡಿದ ಮೇಲೆ, ಫ್ರಂಟ್ ಲೋಡಿನಲ್ಲಿ ಹಿಂಡಿದ ಅಂಗಿ ಮೋಡದ ದಿನವೂ ಸಂಜೆಯೊಳಗೆ ಒಣಗತೊಡಗಿತು. ಕೈಯಲ್ಲಿ ಹಿಂಡಿದ್ದು ಮರುದಿನ ಸಂಜೆಗೆ. ಆ ಹೆಚ್ಚಿನ ರಾತ್ರಿಯಲ್ಲೇ ಮುಗ್ಗಲು ವಾಸನೆ ಹುಟ್ಟುವುದು.

ಒಮ್ಮೆ ಹಿಡಿದ ಮುಗ್ಗಲು ಸೋಪಿಗೆ ಜಗ್ಗುವುದಿಲ್ಲ, ಬಿಸಿನೀರೇ ಬೇಕು. ಇಲ್ಲಿ ಹಳೆಯ ಸೆಮಿ ಮತ್ತೆ ಮುಂದೆ. ಹಂಡೆಯಲ್ಲಿ ಅಡಿಕೆ ಸಿಪ್ಪೆ, ಮಡಲು ಉರಿಸಿ ಕಾಯಿಸಿದ ನೀರನ್ನು ತೊಟ್ಟಿಗೆ ಹದ ನೋಡಿ ಸುರಿಯಬಹುದು, ದುಡ್ಡಿಲ್ಲ. ಫ್ರಂಟ್ ಲೋಡು ಅದೇ ನೀರನ್ನು ಕರೆಂಟಿನಲ್ಲಿ ಕಾಯಿಸುತ್ತದೆ. ಹಾಗಾಗಿ ಸೆಮಿಯನ್ನು ಗುಜರಿಗೆ ಕೊಡುವ ಮಾತು ಬಂದಾಗ ಬೇಡ ಎಂದೆ. ಟವೆಲು, ಹಾಸು ಅದಕ್ಕೆ. ದಿನದ ಅಂಗಿ, ಸಮವಸ್ತ್ರ ಫ್ರಂಟ್ ಲೋಡಿಗೆ, ರಾತ್ರಿಯಲ್ಲ, ಬೆಳಿಗ್ಗೆ ಆರಕ್ಕೆ. ತೋಟದ ಬಟ್ಟೆ ಕಲ್ಲಿಗೆ. ಒಂದನ್ನೇ ಇಟ್ಟುಕೊಳ್ಳಬೇಕು, ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ ಎಂದಾದರೆ ನಾನು ಸೆಮಿಯನ್ನೇ ಇಟ್ಟುಕೊಳ್ಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತುವ ಮನೆಯಾದರೆ ಫ್ರಂಟ್ ಲೋಡ್. ಟಾಪ್ ಲೋಡನ್ನು ಈ ಮಳೆಯ ಊರಿನಲ್ಲಿ ನಾನು ಕೊಳ್ಳಲಾರೆ. ಅಕ್ಕ ಇದನ್ನು ಓದದಿದ್ದರೆ ಒಳ್ಳೆಯದು.

ಅಮ್ಮನ ಸೀರೆ ಮಾತ್ರ ಈ ಲೆಕ್ಕದ ಹೊರಗೆ. ಅದು ಮಡಿ, ಅವಳೇ ಕಲ್ಲಿನಲ್ಲಿ ಒಗೆದು, ಕೋಲಿನಲ್ಲಿ ಎತ್ತಿ ಅಡುಗೆಮನೆಯ ಮೇಲಿನ ಅಟ್ಟದ ಗಳಕ್ಕೆ ಹಾಕುತ್ತಾಳೆ. ಕೈಯಲ್ಲಿ ಹಿಂಡಿದ್ದು, ನೀರು ತೊಟ್ಟಿಕ್ಕುತ್ತಿರುತ್ತದೆ, ಆದರೂ ನನ್ನ ಬಟ್ಟೆಗಿಂತ ಮೊದಲು ಒಣಗುತ್ತದೆ. ಒಂದು ದಿನ ಏಣಿ ಹತ್ತಿ ನೋಡಿದೆ. ಆರು ಗಜದ ಸೀರೆಯನ್ನು ಎಲ್ಲೂ ಮಡಿಕೆಯಾಗದಂತೆ, ಒಂದೇ ಪದರ ಮಾಡಿ, ಗಳದಿಂದ ಗಳಕ್ಕೆ ಹಾಯಿಯ ಹಾಗೆ ಹರಡಿದ್ದಳು. ನಾನಾದರೋ ಜಾಗ ಸಾಲದೆಂದು ಎರಡೆರಡು ಅಂಗಿಯನ್ನು ಒಂದೇ ಕ್ಲಿಪ್ಪಿಗೆ ಸಿಕ್ಕಿಸುತ್ತಿದ್ದೆ. ಈ ಸಲ ಆಟಿಗೆ ಮೊದಲು ಗೂಡಿನಲ್ಲಿ ಇನ್ನೂ ನಾಲ್ಕು ಹಗ್ಗ ಕಟ್ಟಬೇಕು.